ನೀರ್ ಸಾಬ್ ಬಿಟ್ಟುಕೊಟ್ಟಿದ್ದು

ಮೈಸೂರಿನಿಂದ ಊಟಿಗೆ ಹೋಗುವವರಿಗೆ ಗುಂಡ್ಲುಪೇಟೆ ಅಂದ್ರೆ ಕಾಫಿಗೆ ಗಾಡಿ ನಿಲ್ಲಿಸೋ ಊರು, ಅಷ್ಟೇ. ಅಬ್ದುಲ್ ನಜೀರ್ ಸಾಬ್ ಆ ಊರಿನವರು. ಅವರು ಕ್ಯಾನ್ಸರ್‌ನಿಂದ ತೀರಿಕೊಂಡಿದ್ದು 1988ರ ಅಕ್ಟೋಬರಿನಲ್ಲಿ, ಅಂದರೆ ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಆದರೂ ಹಳ್ಳಿ ಕಡೆಯ ಹಿರಿಯರನ್ನು ಕೇಳಿ ನೋಡಿ, "ಓ, ನೀರ್ ಸಾಬಾ?" ಅಂತಾರೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಇವರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿತು. ಬರಗಾಲದ ದಿನಗಳವು. ಊರೂರಿಗೆ ಬೋರ್‌ವೆಲ್ ಕೊರೆಸಿದರು, ಜನ ಪ್ರೀತಿಯಿಂದ ಹೆಸರನ್ನೇ ಬದಲಾಯಿಸಿಬಿಟ್ಟರು.

ನನಗೆ ಮಾತ್ರ ಅವರ ದೊಡ್ಡ ಕೆಲಸ ಬೋರ್‌ವೆಲ್ ಅಲ್ಲ ಅನ್ನಿಸುತ್ತೆ. ಬೋರ್‌ವೆಲ್ ಕೊಟ್ಟ ಮಂತ್ರಿಗಳು ಬೇಕಾದಷ್ಟು ಜನ ಇದ್ದಾರೆ. ತನ್ನ ಕೈಲಿದ್ದ ಅಧಿಕಾರವನ್ನೇ ಕೊಟ್ಟವರು ಎಷ್ಟು ಜನ?

ಅವರು ತಂದ ಪಂಚಾಯತ್ ಕಾಯ್ದೆ 1983ರದ್ದು. ರಾಷ್ಟ್ರಪತಿಗಳ ಅಂಕಿತ ಬೀಳುವಷ್ಟರಲ್ಲಿ 1985, ಚುನಾವಣೆ ನಡೆದಿದ್ದು 1987ರ ಜನವರಿಯಲ್ಲಿ. ಕೆಳಗೆ ಸುಮಾರು 2,500 ಮಂಡಲ ಪಂಚಾಯಿತಿ, ಮೇಲೆ ಜಿಲ್ಲಾ ಪರಿಷತ್ತು. ಮಹಿಳೆಯರಿಗೆ ಶೇಕಡಾ 25 ಮೀಸಲು. ಇಡೀ ದೇಶಕ್ಕೆ ಅನ್ವಯಿಸುವ 73ನೇ ತಿದ್ದುಪಡಿ ಜಾರಿಯಾಗಿದ್ದು 1993ರಲ್ಲಿ, ನೆನಪಿರಲಿ!

ಮಜಾ ಇರೋದು ಇನ್ನು ಮುಂದೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಐಎಎಸ್ ಅಧಿಕಾರಿ, ಅದೂ ಜಿಲ್ಲಾಧಿಕಾರಿಗಿಂತ ಹಿರಿಯರು. ಶಾಸಕರಿಗೆ ಸಿಕ್ಕಿದ್ದು ತಾಲ್ಲೂಕು ಸಮಿತಿಯ ಅಧ್ಯಕ್ಷಗಿರಿ. ಆ ಸಮಿತಿಯ ಕೆಲಸ ಹೆಚ್ಚಾಗಿ ಸಲಹೆ ಕೊಡೋದು! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ, ಬೆಂಗಳೂರಿನಲ್ಲಿದ್ದ ಅಡ್ಮಿನ್ ಪಾಸ್‌ವರ್ಡ್ ಜಿಲ್ಲೆಗಳ ಪಾಲಾಯಿತು. ಸ್ವಂತ ಪಕ್ಷದ ಶಾಸಕರೇ ಮುಖ ಗಂಟಿಕ್ಕಿದ್ದರಲ್ಲಿ ಆಶ್ಚರ್ಯವೇನಿದೆ?

ಇದು ಬರೀ ಕಾಗದದ ಜಗಳ ಅಂದುಕೋಬೇಡಿ. ಬೋರ್‌ವೆಲ್ ಕೊರೆಸೋದು ಒಂದು ದಿನದ ಕೆಲಸ. ಕೆಟ್ಟ ಪಂಪನ್ನು ವರ್ಷವರ್ಷವೂ ರಿಪೇರಿ ಮಾಡಿಸಲು ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರಾದರೂ ಬೇಕು, ಅವರ ಕೈಲಿ ದುಡ್ಡೂ ಇರಬೇಕು. ನೀರ್ ಸಾಬರಿಗೂ ಪಂಚಾಯತ್ ಸಾಬರಿಗೂ ನಂಟು ಇಲ್ಲೇ ಇದೆ ಅಂತ ನನ್ನ ಎಣಿಕೆ.

ಆಮೇಲೇನಾಯ್ತು? 1992ರಲ್ಲಿ ಆ ಪರಿಷತ್ತುಗಳ ಅವಧಿ ಮುಗಿಯಿತು. ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರಲ್ಲಿ ಹೊಸ ಕಾಯ್ದೆ ಬಂತು, ಜಿಲ್ಲಾ ಪಂಚಾಯಿತಿ ಚುನಾವಣೆಗೆ 1995ರವರೆಗೆ ಕಾಯಬೇಕಾಯಿತು. ಅದೇ ಕಥೆ ಮತ್ತೆ ನೋಡಿ: 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2024 ಕಳೆದರೂ ಚುನಾವಣೆ ಆಗಿರಲಿಲ್ಲ. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದವು, ಈ ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ರಾಗ!

ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ನಜೀರ್ ಸಾಬರ ಹೆಸರಿಟ್ಟಿದ್ದಾರೆ. ಹೆಸರಿಡೋದು ಸುಲಭ. ಅವರು ಬಿಟ್ಟುಕೊಟ್ಟಿದ್ದನ್ನು ಬಿಟ್ಟುಕೊಡೋದಿದೆಯಲ್ಲ, ಅದು ಕಷ್ಟ.