ಸ್ಕೆಲಿಟನ್ ಸ್ಕ್ರೀನ್: ಮೊಬೈಲ್ ಪಟ್ಟಿಗಳಲ್ಲಿ

ಸ್ಕೆಲಿಟನ್ ಸ್ಕ್ರೀನ್ ಎಂದರೆ ಮಾಹಿತಿ ಲೋಡ್ ಆಗುವವರೆಗೆ ಆ್ಯಪ್‌ನ ಪಟ್ಟಿಯಲ್ಲಿ ಸಾಲುಗಳ ಜಾಗ ಹಿಡಿದಿಡುವ ಬೂದುಬಣ್ಣದ ಪಟ್ಟೆ, ಚೌಕಗಳು. ಇದರ ಇತಿಹಾಸವನ್ನು ಬಹುಮಟ್ಟಿಗೆ ಕಾಯುವವರ ಬೇಸರ ಕಳೆಯುವ ಉಪಾಯವೆಂದೇ ಬರೆಯಲಾಗಿದೆ. ಸಾಲುಗಳ ಎತ್ತರ ಒಂದೇ ಸಮನಿಲ್ಲದಾಗ ಎದುರಾಗುವ ತೊಡಕು ಹಿಂದೆ ಸರಿದಿದೆ. ಬೆಂಗಳೂರಿನ ಕೊಡುಗೆಯೂ ಕನ್ನಡ ಲಿಪಿಯ ಪ್ರಶ್ನೆಯೂ ಇರುವುದು ಅಲ್ಲೇ.

ಆರಂಭ. ಲೋಡ್ ಆಗುವಾಗ ತಿರುಗುವ ಚಕ್ರ ಕಂಡವರು ಪೋಲಾರ್ ಎಂಬ ಆ್ಯಪ್ ನಿಧಾನವೆಂದು ದೂರಿದಾಗ, ಅದನ್ನು ರೂಪಿಸಿದ ಲ್ಯೂಕ್ ರೊಬ್ಲೆವ್ಸ್ಕಿ 2013ರಲ್ಲಿ ಈ ವಿನ್ಯಾಸವನ್ನು ಹೆಸರಿಟ್ಟು ಮುಂದಿಟ್ಟರು. ಮಿನುಗುವ ಪಟ್ಟೆಗಳನ್ನು ಫೇಸ್‌ಬುಕ್ ಜನಪ್ರಿಯಗೊಳಿಸಿತು.

ಭಿನ್ನಮತ. ಸ್ಕೆಲಿಟನ್ ತೋರಿಸಿದಾಗಲೇ ಜನರಿಗೆ ಕಾಯುವಿಕೆ ಹೆಚ್ಚು ದೀರ್ಘವೆನಿಸಿತು ಎಂದು ಅಮೆರಿಕದ ವೈಗೆಟ್ ಸಂಸ್ಥೆಯ 2017ರ ಪ್ರಯೋಗ ಹೇಳಿತು. ಸ್ವೀಡನ್ನಿನ 2018ರ ಅಧ್ಯಯನವೊಂದು ಅದಕ್ಕೆ ವಿರುದ್ಧವಾದ ಫಲ ಕಂಡಿತು. ವಿವಾದ ಇನ್ನೂ ಇತ್ಯರ್ಥವಾಗಿಲ್ಲ.

ಎತ್ತರದ ತೊಡಕು. ಮೀಸಲಿಟ್ಟ ಜಾಗಕ್ಕಿಂತ ನಿಜವಾದ ಸಾಲು ಎತ್ತರವಾದರೆ ಕೆಳಗಿನದೆಲ್ಲ ಜಿಗಿಯುತ್ತದೆ. ಒತ್ತಲು ಹೋದ ಬೆರಳು ಬೇರೆ ಸಾಲಿನ ಮೇಲೆ ಬೀಳುತ್ತದೆ. ಅಂದಾಜು ಎತ್ತರ ಕೊಡುವ ಸೌಲಭ್ಯ ಐಫೋನಿಗೆ 2013ರಲ್ಲಿ ಬಂತು. ಒಳಗಿನ ಬರಹಕ್ಕೆ ತಕ್ಕಂತೆ ತಾನೇ ಬೆಳೆಯುವ ಸಾಲು 2014ರಲ್ಲಿ. ರಿಯಾಕ್ಟ್ ನೇಟಿವ್ ಎಂಬ ಚೌಕಟ್ಟಿನಲ್ಲಿ ಕಟ್ಟಿದ ಆ್ಯಪ್‌ಗಳಲ್ಲಿ ವೇಗವಾಗಿ ಸರಿಸಿದರೆ ಪಟ್ಟಿ ಖಾಲಿ ಕಾಣುವುದು ಉಳಿದೇ ಇತ್ತು. ಇದಕ್ಕೆ ಬೆಂಗಳೂರಿನ ಫ್ಲಿಪ್‌ಕಾರ್ಟ್ 2017ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಪರಿಹಾರ ರಿಸೈಕ್ಲರ್‌ಲಿಸ್ಟ್‌ವ್ಯೂ. ಪರದೆ ದಾಟಿದ ಸಾಲನ್ನೇ ಹೊಸ ಮಾಹಿತಿ ತುಂಬಿ ಅದು ಮರಳಿ ಬಳಸುತ್ತದೆ. ಆದರೆ ಎತ್ತರವನ್ನು ಮೊದಲೇ ತಿಳಿಸಬೇಕು. ತಿಳಿಯದಿದ್ದರೆ ಅಂದಾಜು ಕೊಟ್ಟು, ಸಾಲು ಮೂಡಿದ ಮೇಲೆ ಅಳೆದು ತಿದ್ದಿಸಬೇಕು. ಇದೇ ಅಡಿಪಾಯದ ಮೇಲೆ ಶಾಪಿಫೈ ಸಂಸ್ಥೆ 2022ರಲ್ಲಿ ಫ್ಲ್ಯಾಶ್‌ಲಿಸ್ಟ್ ಎಂಬ ಸಾಧನ ಕಟ್ಟಿತು. ಅದರ ಎರಡನೆಯ ಆವೃತ್ತಿ ಅಂದಾಜನ್ನೂ ಕೇಳುವುದಿಲ್ಲ.

ಕನ್ನಡ ಲಿಪಿ. ಕನ್ನಡದ ಒತ್ತಕ್ಷರಗಳು ಬರಹದ ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರೀಯ’ ಪದದಲ್ಲಿ ಷಕಾರದಡಿ ಟಕಾರ, ರಕಾರ ಎರಡೂ ಸೇರುತ್ತವೆ. 2012ರ ಆಂಡ್ರಾಯ್ಡ್ 4.1 ಕನ್ನಡವನ್ನು ಬೆಂಬಲಿಸಿತು. ಆದರೆ ವಿನ್ಯಾಸ ಕೆಡದಿರಲೆಂದು ಇಂಥ ಲಿಪಿಗಳಿಗೆ ಕುಗ್ಗಿಸಿದ ಫಾಂಟೇ ಬಹುಕಾಲ ರೂಢಿಯಲ್ಲಿತ್ತು. 2024ರ ಆಂಡ್ರಾಯ್ಡ್ 15 ಈ ಕ್ರಮ ಬದಲಿಸಿತು: ಅದಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ ಕನ್ನಡಕ್ಕೆ ಪೂರ್ಣ ಎತ್ತರದ ಫಾಂಟ್ ತಾನಾಗಿ ಬರುತ್ತದೆ. ಓದು ಸಲೀಸಾಯಿತು, ಸಾಲು ಎತ್ತರವಾಯಿತು. ಹೀಗಾಗಿ ಇಂಗ್ಲಿಷ್ ಬರಹದ ಅಳತೆಗೆ ಕೂರಿಸಿದ ಸ್ಕೆಲಿಟನ್ ಕನ್ನಡ ಪಟ್ಟಿಗೆ ಸಾಲದು; ಅದನ್ನು ಕನ್ನಡ ಬರಹವಿಟ್ಟೇ ಅಳೆಯಬೇಕು.