ಪಕ್ಕದ ಗುಂಡಿ, ನಮ್ಮ ಗೋಡೆ: ಆಸರೆಯ ಹಕ್ಕು ನಡೆದುಬಂದ ದಾರಿ

ಕಾಡುಗೋಡಿಯಂಥ ಊರುಗಳಲ್ಲಿ ಹಳೆಯ ಮನೆಯ ಮಗ್ಗುಲಲ್ಲೇ ಸೆಲ್ಲಾರಿಗೆಂದು ಆಳದ ಗುಂಡಿ ತೋಡುವುದು ಈಗ ದಿನನಿತ್ಯದ ನೋಟ. ಜೆಸಿಬಿ ಕೆಮ್ಮಣ್ಣು ಎತ್ತಿಹಾಕಿದ ಮೇಲೆ ನಾಲ್ಕು ಮಳೆ ಬಿದ್ದರೆ ಸಾಕು: ಪಕ್ಕದ ಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಚೌಕಟ್ಟಿನಲ್ಲಿ ಕೂರುವುದಿಲ್ಲ. ತನ್ನ ಸೈಟಿನಲ್ಲೇ ತಾನು ಅಗೆದವನನ್ನು ಕಾನೂನು ಹೇಗೆ ಹೊಣೆಗಾರನನ್ನಾಗಿಸುತ್ತದೆ?

ಪ್ರಶ್ನೆ ನಮ್ಮ ನಾಡಿಗೆ ಹೊಸತಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ಸೀಮಾವಿವಾದ ಪ್ರಕರಣ ಇದಕ್ಕೆ ಹತ್ತಿರದ ಪ್ರಶ್ನೆಯನ್ನು ತೂಗುತ್ತದೆ. ಪರರ ನೆಲದಲ್ಲಿ ಕಟ್ಟೆಯೋ ಬಾವಿಯೋ ಎದ್ದಾಗ ಕೇಡು ಅಲ್ಪವಾಗಿ ಒಳಿತು ಹಿರಿದಾಗಿದ್ದರೆ ಹೊಲದೊಡೆಯ ತಡೆಯಬಾರದು. ಒಡೆಯನಿಗೆ ತಿಳಿಸದೆ ಕಟ್ಟಿದರೆ ಅದರ ಫಲ ಒಡೆಯನದೇ. ಕೆರೆಕಟ್ಟೆಗಳನ್ನು ನಂಬಿ ಬದುಕಿದ ಸೀಮೆಗೆ ಒಗ್ಗುವ ನ್ಯಾಯ ಇದು.

ಇಂಗ್ಲೆಂಡಿನ ನ್ಯಾಯ ಬೇರೆ ದಾರಿ ಹಿಡಿಯಿತು. 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ತೀರ್ಪಿನಂತೆ, ಅಪಾಯದ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು ಅದು ಹೊರನುಗ್ಗಿದರೆ ತಪ್ಪಿಲ್ಲದಿದ್ದರೂ ನಷ್ಟ ತೆರಬೇಕು. ಆದರೆ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ಮದರಾಸ್ ರೈಲ್ವೆ ಕಂಪನಿಯ ಸೇತುವೆಗಳು ಕೊಚ್ಚಿಹೋದಾಗ, 1874ರಲ್ಲಿ ಪ್ರಿವಿ ಕೌನ್ಸಿಲ್ ಆ ನಿಯಮವನ್ನು ಇಲ್ಲಿಗೆ ಅನ್ವಯಿಸಲಿಲ್ಲ. ಪ್ರಾಚೀನ ಕೆರೆಗಳನ್ನು ಕಾಪಾಡಿಕೊಂಡು ಬರುವುದು ಅವನ ಕರ್ತವ್ಯ. ಅವನು ಅಜಾಗರೂಕನೂ ಆಗಿರಲಿಲ್ಲ. ನೆಲದ ರೂಢಿಯನ್ನು ನ್ಯಾಯಾಲಯ ಗೌರವಿಸಿದ ಈ ತೀರ್ಪಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಅಗೆತದ ವ್ಯಾಜ್ಯಕ್ಕೆ ಹತ್ತಿರದ್ದು 1881ರ ಡಾಲ್ಟನ್ ವಿರುದ್ಧ ಆಂಗಸ್. ಪಕ್ಕದ ಗುಂಡಿಯಿಂದ ಕುಸಿದ ಸಾರೋಟು ಕಾರ್ಖಾನೆಗೆ, ಇಪ್ಪತ್ತು ವರ್ಷಕ್ಕೂ ಮೇಲೆ ಪಕ್ಕದ ನೆಲದ ಆಸರೆ ಪಡೆದಿದ್ದ ಕಾರಣ, ಹಕ್ಕು ದಕ್ಕಿತು. ಮರುವರ್ಷವೇ ಬಂದ ಭಾರತದ ಈಸ್‌ಮೆಂಟ್ ಕಾಯ್ದೆ ಮೊದಲಿಗೆ ಜಾರಿಯಾದದ್ದು ಮದರಾಸು, ಮಧ್ಯಪ್ರಾಂತ ಮತ್ತು ನಮ್ಮ ಕೊಡಗಿನಲ್ಲಿ. ಅದರ 7ನೇ ಕಲಮಿನಂತೆ ನೆಲಕ್ಕೆ ಪಕ್ಕದ ನೆಲದ ಆಸರೆ ಸಹಜ ಹಕ್ಕು. ಆದರೆ ಆ ಮಾತು ಬರಿಯ ನೆಲಕ್ಕೆ. ಕಟ್ಟಡದ ಭಾರ ಹೊತ್ತ ನೆಲಕ್ಕಲ್ಲ. ಮನೆಗೆ ಆಸರೆಯ ಹಕ್ಕು ಹುಟ್ಟಬೇಕಾದರೆ 15ನೇ ಕಲಮಿನಂತೆ ಅಡೆತಡೆಯಿಲ್ಲದ ಇಪ್ಪತ್ತು ವರ್ಷ ಬೇಕು. ಮೊನ್ನೆ ಮೊನ್ನೆ ಸಾಲ ಮಾಡಿ ಮನೆ ಕಟ್ಟಿಕೊಂಡವರಿಗೆ ಇದು ಅನ್ಯಾಯವೆಂದೇ ನನ್ನ ಎಣಿಕೆ. ಅವರಿಗೆ ಉಳಿಯುವುದು, ಅಗೆದವನು ಅಜಾಗರೂಕನಾಗಿದ್ದನೆಂದು ರುಜುವಾತುಪಡಿಸುವ ಕಷ್ಟದ ಹಾದಿ.

ಪರಿಹಾರದಲ್ಲಿ ಹೊತ್ತು ಮುಖ್ಯ. 34ನೇ ಕಲಮಿನಂತೆ ಗಣನೀಯ ಹಾನಿಯಾಗುವ ತನಕ ಆಸರೆ ತೆಗೆದದ್ದಕ್ಕೆ ನಷ್ಟಭರ್ತಿ ಇಲ್ಲ. ಆದರೆ ಹಕ್ಕಿಗೆ ಕುಂದು ಖಚಿತವಾಗಿದ್ದರೆ ಬಿರುಕು ಬೀಳುವ ಮುನ್ನವೇ ತಡೆಯಾಜ್ಞೆ ಕೇಳಬಹುದು; ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಕೋರ್ಟ್ ಕಮಿಷನರ್ ಬಂದು ಗುಂಡಿಯ ಆಳ, ಗೋಡೆಯ ಸ್ಥಿತಿ ದಾಖಲಿಸುತ್ತಾರೆ. ಗುಂಡಿ ತೋಡಿದ್ದು ಬೇಸಿಗೆಯಲ್ಲಿ, ಗೋಡೆ ಸೀಳಿದ್ದು ಮುಂದಿನ ಮಳೆಗಾಲದಲ್ಲಿ ಎಂದಾದರೆ, 1963ರ ಕಾಲಮಿತಿ ಕಾಯ್ದೆಯ 23ನೇ ಕಲಮು ಅವಧಿಯನ್ನು ಎಣಿಸುವುದು ಗೋಡೆ ಸೀಳಿದ ದಿನದಿಂದ.