ಲಾಠಿ ಹಿಡಿದವರ ಬಿಟ್ಟಿ ಚಾಕರಿ

 

ಎಲ್ಲಾದರೂ ದಲಿತರ ಮೇಲೆ ದೌರ್ಜನ್ಯ ನಡೆದು, ಠಾಣೆಯಲ್ಲಿ ದೂರೇ ತಗೊಳ್ಳಲಿಲ್ಲ ಅಂತ ನಾವು ಬೀದಿಗೆ ಇಳಿದಾಗ ಸರ್ಕಾರದಿಂದ ಬರುವ ಉತ್ತರ ಒಂದೇ: "ಪೊಲೀಸರಿಗೆ ತರಬೇತಿ ಕೊಡ್ತೀವಿ." ಆಮೇಲೆ ಒಂದು ದಿನದ ಕಾರ್ಯಾಗಾರ, ಬಾಬಾಸಾಹೇಬರ ಫೋಟೋಗೆ ಹಾರ, ಮಧ್ಯಾಹ್ನ ಊಟ, ಗ್ರೂಪ್ ಫೋಟೋ. ಅಲ್ಲಿಗೆ ಮುಗೀತು. ಈ 'ತರಬೇತಿ' ಅನ್ನೋ ಮಾತಿಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆ ಚರಿತ್ರೆ ಗೊತ್ತಿಲ್ಲದಿದ್ದರೆ ಪ್ರತಿ ಸಲವೂ ನಾವು ಅದೇ ಹಾರ, ಅದೇ ಊಟಕ್ಕೆ ಸಮಾಧಾನ ಪಟ್ಟುಕೊಳ್ಳಬೇಕಾಗುತ್ತೆ.

1855ರಿಂದ ಶುರು ಮಾಡೋಣ. ಆ ವರ್ಷ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ವಿಚಾರಣಾ ಆಯೋಗ ವರದಿ ಕೊಟ್ಟಿತು. ನಮ್ಮ ಬಳ್ಳಾರಿ, ಕರಾವಳಿಯ ಕೆನರಾ ಎಲ್ಲವೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಕಂದಾಯ ವಸೂಲಿ ಮಾಡೋಕೆ, ತಪ್ಪು ಒಪ್ಪಿಸೋಕೆ ರೈತರನ್ನ, ಕೂಲಿಗಳನ್ನ ಹೇಗೆ ಹಿಂಸಿಸ್ತಿದ್ರು ಅಂತ ಆ ವರದಿಯಲ್ಲಿದೆ. ಮನುಷ್ಯನನ್ನ ಬಗ್ಗಿಸಿ ತಲೆ ಮೇಲೆತ್ತದ ಹಾಗೆ ಅವನ ಬಟ್ಟೆಯಿಂದಲೇ ಕಟ್ಟಿ ಬಿಸಿಲಲ್ಲಿ ನಿಲ್ಲಿಸೋದು, ಮರದ ಇಕ್ಕಳದಲ್ಲಿ ಬೆರಳು ಹಿಸುಕೋದು. ಆಗ ಕಂದಾಯದವನೂ ಅವನೇ, ಪೊಲೀಸೂ ಅವನೇ. ಹಾಗಾಗಿ 1859ರಲ್ಲಿ ಮದ್ರಾಸಿನಲ್ಲಿ ಪೊಲೀಸ್ ಇಲಾಖೆಯನ್ನೇ ಬೇರೆ ಮಾಡಿದರು. 1857ರ ದಂಗೆಯ ಭಯ ಇನ್ನೂ ಆರಿರಲಿಲ್ಲ. 1861ಕ್ಕೆ ಬ್ರಿಟಿಷ್ ಇಂಡಿಯಾಕ್ಕೆ ಪೊಲೀಸ್ ಕಾಯ್ದೆ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಬ್ರಿಟಿಷರು ತಮ್ಮ ಲಂಡನ್ ಪೊಲೀಸ್ ಮಾದರಿಯನ್ನ ಇಲ್ಲಿಗೆ ತರಲಿಲ್ಲ. ಐರ್ಲೆಂಡ್‌ನಲ್ಲಿ ತಮ್ಮ ಆಳ್ವಿಕೆಯನ್ನ ವಿರೋಧಿಸ್ತಿದ್ದ ಜನರನ್ನ ಹದ್ದುಬಸ್ತಿನಲ್ಲಿಡೋಕೆ ಕಟ್ಟಿದ್ದ ಸಶಸ್ತ್ರ ಪಡೆಯ ಮಾದರಿಯನ್ನ ತಂದರು. ಅಂದ್ರೆ ಪೊಲೀಸ್ ಇಲಾಖೆ ಹುಟ್ಟಿದ್ದೇ ಆಳುವವರ ಆಜ್ಞೆ ಪಾಲಿಸೋಕೆ. ಜನರ ದೂರು ಕೇಳೋದು ಆಮೇಲಿನ ಮಾತು. ಕರ್ನಾಟಕಕ್ಕೆ 1963ರಲ್ಲಿ ಬೇರೆ ಪೊಲೀಸ್ ಕಾಯ್ದೆ ಬಂತು, ನಿಜ. ಆದರೆ ಅಚ್ಚು ಹಳೇದೇ.

ಊರು ಕಾಯುವ ಕೆಲಸ ನಮಗೇನು ಹೊಸದಲ್ಲ. ಹಳೇ ಮೈಸೂರಿನ ತೋಟಿ, ಕುಳವಾಡಿ, ಮಹಾರಾಷ್ಟ್ರದ ಮಹಾರ್ ವತನದಾರ, ಇವರೇ ಬೆಳೆ ಕಾದವರು, ಗಡಿ ಕಲ್ಲು ತೋರಿಸಿದವರು, ಸರ್ಕಾರಿ ಕಾಗದ ಹೊತ್ತುಕೊಂಡು ರಾತ್ರಿಯೆಲ್ಲ ನಡೆದವರು. ಆದರೆ ಸಂಬಳ, ಸಮವಸ್ತ್ರ ಇರೋ ಕೆಲಸಕ್ಕೆ ಜನ ಬೇಕಾದಾಗ ನಮಗೆ ಬಾಗಿಲು ಮುಚ್ಚಿತು. 1928ರಲ್ಲಿ ಸೈಮನ್ ಆಯೋಗದ ಮುಂದೆ ಬಾಬಾಸಾಹೇಬರು ಇಟ್ಟ ಬೇಡಿಕೆಗಳಲ್ಲಿ ಸೈನ್ಯ ಮತ್ತು ಪೊಲೀಸ್ ನೇಮಕಾತಿಯೂ ಇತ್ತು. ಠಾಣೆಯೊಳಗೆ ಕೂತಿರೋದು ಯಾರು ಅನ್ನೋದರ ಮೇಲೆ ಹೊರಗೆ ನಿಂತವನಿಗೆ ಸಿಗೋ ನ್ಯಾಯ ನಿಂತಿರುತ್ತೆ ಅಂತ ಅವರಿಗೆ ಗೊತ್ತಿತ್ತು.

1902-03ರಲ್ಲಿ ಫ್ರೇಜರ್ ಆಯೋಗ ಬಂತು. ಪೊಲೀಸರು ದಕ್ಷರಲ್ಲ, ತರಬೇತಿ ಸರಿಯಿಲ್ಲ, ಭ್ರಷ್ಟರು, ಜನಪೀಡಕರು ಅಂತ ನೇರವಾಗಿಯೇ ಬರೆಯಿತು. ಆದರೆ ಪರಿಹಾರ ಏನು ಕೊಟ್ಟಿತು? ಅಧಿಕಾರಿಗಳಿಗೆ ತರಬೇತಿ ಶಾಲೆ. ಕಾನ್‌ಸ್ಟೇಬಲ್‌ಗೆ ಬರೀ ಯಾಂತ್ರಿಕ ಕೆಲಸ: ಪಹರೆ, ಬೆಂಗಾವಲು, ಗಸ್ತು. ಯೋಚನೆ ಮಾಡೋದು ಮೇಲಿನವರು, ಓಡಾಡೋದು ಕೆಳಗಿನವರು. ತಲೆಯಿಂದ ಹುಟ್ಟಿದವರು, ಪಾದದಿಂದ ಹುಟ್ಟಿದವರು. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಸ್ವಾತಂತ್ರ್ಯ ಬಂದ ಮೇಲೆ ಪೊಲೀಸ್ ತರಬೇತಿಯನ್ನ ಗಂಭೀರವಾಗಿ ನೋಡಿದ್ದು 1971ರಲ್ಲಿ ನೇಮಕವಾದ ಸಮಿತಿ. ಅಧ್ಯಕ್ಷರು ಪ್ರೊ. ಎಂ.ಎಸ್. ಗೋರೆ. ಹುಬ್ಬಳ್ಳಿಯಲ್ಲಿ ಹುಟ್ಟಿದವರು, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರು. 1973ರ ಅವರ ವರದಿಯ ಸಾರ ಇಷ್ಟು: ಕವಾಯತು ಕಲಿಸಿದರೆ ಸಾಲದು, ಮನೋಭಾವ ಬದಲಾಗಬೇಕು, ಸಮಾಜ ಹೇಗಿದೆ ಅಂತ ಪೊಲೀಸರಿಗೆ ಕಲಿಸಬೇಕು. ಇದೇ ಗೋರೆಯವರು ಇಪ್ಪತ್ತು ವರ್ಷ ಆದಮೇಲೆ ಬಾಬಾಸಾಹೇಬರ ಚಿಂತನೆ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ. ಅಧ್ಯಕ್ಷರು ಧರ್ಮವೀರ, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಕಾನ್‌ಸ್ಟೇಬಲ್‌ಗಳು ದಿನಕ್ಕೆ 10ರಿಂದ 16 ಗಂಟೆ, ವಾರದ ಏಳೂ ದಿನ ದುಡೀತಾರೆ ಅನ್ನೋದು ಟಾಟಾ ಸಂಸ್ಥೆಯ ಅಧ್ಯಯನದಿಂದ ಆ ಆಯೋಗಕ್ಕೆ ತಿಳಿಯಿತು. ಸಾಹೇಬರ ಮನೆಯಲ್ಲಿ ಆರ್ಡರ್ಲಿಯಾಗಿ ಬಟ್ಟೆ ಒಗೆಯೋ, ತರಕಾರಿ ತರೋ, ನಾಯಿ ಸುತ್ತಾಡಿಸೋ ಪದ್ಧತಿ ರದ್ದಾಗಲಿ ಅಂತ 1979ರ ಮೊದಲ ವರದಿಯಲ್ಲೇ ಹೇಳಿತು. ಅದೇ ವರ್ಷ ಪಂಜಾಬಿನಲ್ಲಿ ಶುರುವಾದ ಪೊಲೀಸರ ಚಳವಳಿ ಬೇರೆ ರಾಜ್ಯಗಳಿಗೂ ಹಬ್ಬಿತು.

35 ವರ್ಷ ಮುಂದೆ ಬನ್ನಿ. 2014ರಲ್ಲಿ ಹೈದರಾಬಾದಿನ ಆಡಳಿತ ತರಬೇತಿ ಸಂಸ್ಥೆಯೊಂದು ಕೇಂದ್ರ ಸರ್ಕಾರಕ್ಕೆ ಅಧ್ಯಯನ ಮಾಡಿಕೊಟ್ಟಿತು. ಠಾಣೆ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಜನ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡೀತಾರೆ. ಶೇ 73ಕ್ಕಿಂತ ಹೆಚ್ಚು ಜನಕ್ಕೆ ತಿಂಗಳಿಗೆ ಒಂದು ವಾರದ ರಜೆಯೂ ಸಿಗಲ್ಲ. 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 21 ರಾಜ್ಯಗಳಲ್ಲಿ ಸುಮಾರು 12 ಸಾವಿರ ಪೊಲೀಸರನ್ನ ಮಾತಾಡಿಸಿದವು. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಕೆಲಸಕ್ಕೆ ಸೇರಿದ ಮೇಲಿನ ತರಬೇತಿ ಸಿಕ್ಕಿದ್ದು ವರ್ಷಕ್ಕೆ ಸರಾಸರಿ ಶೇ 6.4ರಷ್ಟು ಪೊಲೀಸರಿಗೆ, ಅದರಲ್ಲೂ ಕಾನ್‌ಸ್ಟೇಬಲ್‌ಗಿಂತ ಮೇಲಧಿಕಾರಿಗಳಿಗೇ ಹೆಚ್ಚು.

ಅದೇ ಸಮೀಕ್ಷೆಯ ಇನ್ನೆರಡು ಸಂಗತಿ ನಾವು ಬಾಯಿಪಾಠ ಮಾಡ್ಕೋಬೇಕು. ಮೇಲಧಿಕಾರಿಗಳು ಕೆಳಗಿನವರಿಂದ ಮನೆಗೆಲಸ ಮಾಡಿಸ್ಕೋತಾರೆ ಅಂತ ನಾಲ್ವರಲ್ಲಿ ಒಬ್ಬರು ಹೇಳಿದರು. ಹೀಗೆ ಹೇಳಿದವರಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರ ಪಾಲು ಹೆಚ್ಚು. ಇನ್ನೊಂದು, ದೌರ್ಜನ್ಯ ತಡೆ ಕಾಯ್ದೆಯ ದೂರುಗಳು ಬಹುಪಾಲು ಸುಳ್ಳು ಅಂತ ಐವರಲ್ಲಿ ಒಬ್ಬ ಪೊಲೀಸ್ ನಂಬಿದ್ದಾರೆ. ಹಾಗೆ ನಂಬುವವರಲ್ಲಿ ಮೇಲ್ಜಾತಿಯವರೇ ಮುಂದೆ.

ಅಂದ್ರೆ ಮೀಸಲಾತಿಯಿಂದ ಖಾಕಿ ತೊಟ್ಟ ನಮ್ಮ ಹುಡುಗ ಅಲ್ಲೂ ಸಾಹೇಬರ ಮನೆ ಚಾಕರಿಗೆ ನಿಂತಿದ್ದಾನೆ. ಬಿಟ್ಟಿ ಚಾಕರಿ ಬೇಡ ಅಂತ ನಮ್ಮ ಅಜ್ಜಂದಿರು ಹಳ್ಳಿಯಲ್ಲಿ ಬಹಿಷ್ಕಾರ ತಿಂದರು. ಜೀತ ರದ್ದು ಕಾಯ್ದೆ 1976ರಲ್ಲೇ ಬಂದಿದೆ. ಮೊಮ್ಮಗ ಸಮವಸ್ತ್ರ ಹಾಕ್ಕೊಂಡು ಅದನ್ನೇ ಮಾಡ್ತಿದ್ದಾನೆ.

ನಾನು ಇಂಥದ್ದೇ ಒಂದು ಕಾರ್ಯಾಗಾರಕ್ಕೆ ಮಾತಾಡೋಕೆ ಹೋಗಿದ್ದೆ. ಹಿಂದಿನ ಎರಡು ಸಾಲು ಪೂರ್ತಿ ನಿದ್ದೆ. ಸಿಟ್ಟು ಬಂತು. ಊಟದ ಹೊತ್ತಲ್ಲಿ ಕೇಳಿದೆ. "ಸರ್, ಜಾತ್ರೆ ಬಂದೋಬಸ್ತ್ ಮುಗಿಸ್ಕೊಂಡು ಸೀದಾ ಇಲ್ಲಿಗೇ ಬಂದಿದ್ದೀವಿ. ಸಂಜೆ ಮತ್ತೆ ಡ್ಯೂಟಿ" ಅಂದ ಒಬ್ಬ. ಸೆಕ್ಷನ್ 4 ಬಗ್ಗೆ, ಅಂದ್ರೆ ದೂರು ದಾಖಲಿಸದೆ ಬೇಕಂತಲೇ ಕರ್ತವ್ಯ ಬಿಟ್ಟ ಪರಿಶಿಷ್ಟೇತರ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು ಅನ್ನೋದರ ಬಗ್ಗೆ, ನಾನು ಹೇಳಿದ್ದು ಆ ಎರಡು ಸಾಲಿಗೆ ಮುಟ್ಟಿತಾ? ಇಲ್ಲ.

ಈಗ ನೀವು ಕೇಳಬಹುದು: "ಏನಣ್ಣ, ನಮ್ಮನ್ನ ಹೊಡೆಯೋರ ಮೇಲೆ ಅನುಕಂಪ ತೋರಿಸು ಅಂತೀಯಾ?" ಇಲ್ಲ. ನಿದ್ದೆಗೆಟ್ಟ ಪೊಲೀಸನ ಕೈ ಊರ ಗೌಡರ ಮಗನ ಮೇಲೆ ಏಳಲ್ಲ, ಕೇರಿಯ ಹುಡುಗನ ಮೇಲೆ ಮಾತ್ರ ಏಳುತ್ತೆ. ಅದಕ್ಕೆ ಕಾರಣ ದಣಿವಲ್ಲ, ಜಾತಿ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ಉಲ್ಟಾ ಹೊಡೆದರು ಅಂತ. ಇದಕ್ಕೆ ಯಾವ ರಜೆಯ ಕೊರತೆಯೂ ನೆಪ ಆಗಲ್ಲ.

ಆದರೆ ಎರಡೂ ಒಂದೇ ಏಣಿಯ ಮೆಟ್ಟಿಲುಗಳು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದು ಠಾಣೆಯೊಳಗೂ ಇದೆ. ಮೇಲಿನವನು ಬೈಯ್ತಾನೆ, ಕೆಳಗಿನವನು ನುಂಗಿಕೊಳ್ತಾನೆ, ತನಗಿಂತ ಕೆಳಗೆ ಯಾರಿದ್ದಾರೆ ಅಂತ ಹುಡುಕ್ತಾನೆ. ಏಣಿಯ ಕೊನೇ ಮೆಟ್ಟಿಲಲ್ಲಿ ನಮ್ಮ ಕೇರಿ ಇದೆ. ಕಾನೂನುಬಾಹಿರ ಆಜ್ಞೆಗೆ ಆಗಲ್ಲ ಅನ್ನೋ ಹಕ್ಕು ಕಾನ್‌ಸ್ಟೇಬಲ್‌ಗೆ ಇದ್ದರೂ, ಹಾಗಂದವನ ಬೆನ್ನಿಗೆ ನಿಲ್ಲೋ ಸಂಘ ಇಲ್ಲ. 1966ರ ಕಾಯ್ದೆ ಅವರ ಸಂಘಟನೆಯ ಕೈ ಕಟ್ಟಿದೆ. 2016ರ ಜೂನ್ 4ಕ್ಕೆ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕ್ತೀವಿ ಅಂದಾಗ ಎಸ್ಮಾ ಬಂತು, ಮುಂದಾಳು ಜೈಲಿಗೆ ಹೋದರು. ಆಮೇಲೆ ಔರಾದ್ಕರ್ ಸಮಿತಿ ಬಂತು, ಸಂಬಳ ಒಂದಿಷ್ಟು ಏರಿತು. ದುಡಿಮೆಯ ಗಂಟೆ? ಸಂಘಟನೆಯ ಹಕ್ಕು? ಅಲ್ಲೇ ನಿಂತಿವೆ. ಆಗ ನಮ್ಮ ಸಂಘಟನೆಗಳಲ್ಲಿ ಎಷ್ಟು ಬಾಯಿ ತೆರೆದವು?

ಹಾಗಾಗಿ ಇನ್ನು ಮೇಲೆ ಬರೀ "ಸಂವೇದನಾಶೀಲತೆ ತರಬೇತಿ" ಅಂತ ಮನವಿ ಪತ್ರ ಕೊಡೋದು ಬೇಡ. ಹೀಗೆ ಕೇಳೋಣ:

ಒಂದು, ಠಾಣೆಯಲ್ಲಿ 8 ಗಂಟೆಯ ಪಾಳಿ, ಕಡ್ಡಾಯ ವಾರದ ರಜೆ. ತರಬೇತಿಯ ದಿನ ಬೇರೆ ಡ್ಯೂಟಿ ಇರಬಾರದು.

ಎರಡು, ಯಾವ ಹೆಸರಲ್ಲೂ ಮನೆ ಚಾಕರಿ ಬೇಡ. ಮಾಡಿಸಿಕೊಂಡ ಅಧಿಕಾರಿಗೆ ಶಿಕ್ಷೆ ಆಗಲಿ.

ಮೂರು, ತರಬೇತಿ ಕಾನ್‌ಸ್ಟೇಬಲ್‌ವರೆಗೂ ಇಳಿಯಲಿ. ಅದರ ಫಲವನ್ನ ಗ್ರೂಪ್ ಫೋಟೋದಲ್ಲಿ ನೋಡೋದು ಬೇಡ, ಆ ಠಾಣೆ ಎಷ್ಟು ದೂರನ್ನ ಅದೇ ದಿನ ದಾಖಲಿಸಿತು, ಎಷ್ಟರಲ್ಲಿ 60 ದಿನದೊಳಗೆ ಆರೋಪಪಟ್ಟಿ ಹಾಕಿತು ಅನ್ನೋದರಲ್ಲಿ ನೋಡೋಣ.

ನಾಲ್ಕು, ಸೆಕ್ಷನ್ 4 ಕಾಗದದಲ್ಲಿ ಕೊಳೀಬಾರದು. ದೂರು ನಿರಾಕರಿಸಿದವರ ಮೇಲೆ ಜಿಲ್ಲಾ ಜಾಗೃತಿ ಸಮಿತಿಯ ಪ್ರತಿ ಸಭೆಯಲ್ಲೂ ಪ್ರಶ್ನೆ ಎತ್ತಿ.

ಐದು, ಕೆಳಹಂತದ ಪೊಲೀಸರಿಗೆ ಸಂಘ ಕಟ್ಟುವ ಹಕ್ಕು. ಆ ಸಂಘದಲ್ಲಿ ಜಾತಿ ಪ್ರಶ್ನೆ ಎತ್ತೋಕೆ ನಮ್ಮ ಹುಡುಗ ಹುಡುಗಿಯರಿಗೆ ಜಾಗ.

ನಿಮ್ಮ ಜಿಲ್ಲೆಯ ಜಾಗೃತಿ ಸಮಿತಿಯಲ್ಲಿ ಯಾರಿದ್ದಾರೆ, ಕೊನೇ ಸಭೆ ಯಾವಾಗ ಆಯ್ತು ಅಂತ ಕೇಳಿ ತಿಳ್ಕೊಂಡು ಕಾಮೆಂಟಲ್ಲಿ ಹಾಕಿ. ಪಟ್ಟಿ ಮಾಡೋಣ. ಪೊಲೀಸ್ ಇಲಾಖೆಯಲ್ಲಿರೋ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇಲ್ಲಿ ಹೆಸರು ಹಾಕ್ಬೇಡಿ, ಇನ್‌ಬಾಕ್ಸಿಗೆ ಬನ್ನಿ.

ಜೈಭೀಮ್.